ಪುಸ್ತಕ ಮೂಸುವವರೆಲ್ಲ ನಾಟಕ ಆಡ್ತಾರಾ?

ನೀವು ಕೇಳಿರುವುದು ಇಷ್ಟು: ಒಂದು ವರ್ಷದಿಂದ ಇ-ರೀಡರ್‌ನಲ್ಲೇ ಓದುತ್ತಿದ್ದೀರಿ, ಆರಾಮಾಗಿದೆ. ಸ್ನೇಹಿತರು ಮಾತ್ರ ‘ಕಾಗದದ ವಾಸನೆ, ಮುಟ್ಟಿದಾಗಿನ ಸುಖ ಅದರಲ್ಲೆಲ್ಲಿ ಬರುತ್ತೆ’ ಅಂತ ಮೂಗು ಮುರಿಯುತ್ತಾರೆ. ಅವರು ಹೇಳುವುದು ನಿಜವಾ, ಬರೀ ಬಿಲ್ಡಪ್ಪಾ, ನೀವು ಏನಾದರೂ ಕಳೆದುಕೊಂಡಿದ್ದೀರಾ?

ಅರ್ಧ ಬಿಲ್ಡಪ್ಪೇ. ಕಳೆದುಕೊಂಡಿರುವುದೂ ಒಂದಿದೆ, ಆದರೆ ನಿಮ್ಮ ಸ್ನೇಹಿತರು ಅದರ ಹೆಸರು ಹೇಳಿದಂತಿಲ್ಲ.

ನನ್ನ ಮನೆ ತುಮಕೂರಿನಲ್ಲಿ, ಕೆಲಸ ಬೆಂಗಳೂರಿನಲ್ಲಿ. 14 ವರ್ಷದಿಂದ ರೈಲಿನಲ್ಲಿ ಓಡಾಟ, ಹೋಗುತ್ತ 70 ಕಿಲೋಮೀಟರು, ಬರುತ್ತ 70. ಮೊದಲ ಎಂಟು ವರ್ಷ ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಪುಸ್ತಕ ಇರುತ್ತಿತ್ತು, ಆಮೇಲಿನ ಆರು ವರ್ಷ ಇ-ರೀಡರ್. ಹಾಗಾಗಿ ಎರಡೂ ಕಡೆಯ ಉಪ್ಪು ತಿಂದವನು.

ಮೊದಲು ವಾಸನೆ ವಿಚಾರ ಮುಗಿಸಿಬಿಡೋಣ. ನಮ್ಮಜ್ಜನ ಊರು ತಿಪಟೂರು ಕಡೆ. ತೆಂಗಿನ ತೋಟದವರ ಹಳೇ ಮನೆ ಅಂದರೆ ಅಟ್ಟ ಇರಲೇಬೇಕು. ಕೆಡವಿದ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಗ ಸುಲಿಯೋಕೆ ಬಂತು ಅಂತ ಲೆಕ್ಕ. ಅಜ್ಜನ ಪುಸ್ತಕದ ಟ್ರಂಕು ಇದ್ದದ್ದೂ ಅದೇ ಅಟ್ಟದ ಮೂಲೆಯಲ್ಲಿ. ಮುಚ್ಚಳ ತೆಗೆದರೆ ಕೊಬ್ಬರಿ, ಕೆಳಗಿನ ಒಲೆಯ ಹೊಗೆ, ಒಣಗಿದ ಬೇವಿನ ಸೊಪ್ಪು ಎಲ್ಲ ಸೇರಿ ಒಂದೇ ಸಲ ಮೂಗಿಗೆ ಹೊಡೆಯುತ್ತಿತ್ತು. ಬಹಳ ವರ್ಷ ನಾನು ಹಳೇ ಪುಸ್ತಕ ಅಂದರೆ ಕೊಬ್ಬರಿ ವಾಸನೆ ಅಂತಲೇ ತಿಳಿದಿದ್ದೆ, ನಾಲ್ಕು ಜನರ ಮುಂದೆ ಹೇಳಿಯೂ ಇದ್ದೆ.

ಆಫೀಸಿನಲ್ಲಿ ಶಿಡ್ಲಘಟ್ಟದವನೊಬ್ಬ ಇದ್ದಾನೆ. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ನನ್ನ ಮಾತು ಕೇಳಿ ಬಿದ್ದುಬಿದ್ದು ನಕ್ಕ. ‘ನಮ್ಮನೆ ಪುಸ್ತಕ ತೆಗೆದ್ರೆ ಹಿಪ್ಪುನೇರಳೆ ಸೊಪ್ಪು, ಹುಳದ ಹಿಕ್ಕೆ ವಾಸ್ನೆ ಬರುತ್ತೆ ಸಾರ್, ನಿಮ್ಮ ಕೊಬ್ರಿ ಎಲ್ಲಿಂದ ಬಂತು?’ ಅಂದ. ಅವತ್ತು ಗೊತ್ತಾಯಿತು, ನಾವು ಪುಸ್ತಕದ ವಾಸನೆ ಅನ್ನುವುದು ಬಹುಪಾಲು ಆ ಪುಸ್ತಕ ಇದ್ದ ಮನೆಯ ವಾಸನೆ. ಕಾಗದ ಹತ್ತಿಯ ಹಾಗೆ, ಪಕ್ಕದಲ್ಲಿ ಏನಿಟ್ಟರೂ ಹೀರಿಕೊಳ್ಳುತ್ತದೆ.

ಕಾಗದಕ್ಕೆ ಅದರದೇ ವಾಸನೆಯೂ ಇದೆ, ಇಲ್ಲ ಅನ್ನುತ್ತಿಲ್ಲ. ಮರದ ತಿರುಳಿನಲ್ಲಿ ಲಿಗ್ನಿನ್ ಅಂತ ಒಂದು ಅಂಶವಿರುತ್ತದೆ, ನಾರನ್ನು ಬಿಗಿಯಾಗಿ ಹಿಡಿದಿಡುವುದು ಅದೇ. ಅಗ್ಗದ ಕಾಗದದಲ್ಲಿ ಅದು ಹಾಗೇ ಉಳಿದುಕೊಂಡು, ಗಾಳಿ ಬೆಳಕಿಗೆ ನಿಧಾನಕ್ಕೆ ಮುರಿದು ಹಳದಿ ತಿರುಗುತ್ತದೆ. ಹಾಗೆ ಮುರಿಯುವಾಗ ಹೊರಬೀಳುವ ವಸ್ತುಗಳಲ್ಲಿ ವೆನಿಲ್ಲಾದ ಪರಿಮಳ ಕೊಡುವ ವೆನಿಲಿನ್ ಕೂಡ ಒಂದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮಾತಿಯಾ ಸ್ಟರ್ಲಿಚ್ ಮತ್ತು ಸಂಗಡಿಗರು 2009ರಲ್ಲಿ ಹಳೆಯ ಪುಸ್ತಕಗಳು ಬಿಡುವ ಆವಿಯನ್ನೇ ಅಳೆದು, ಕಾಗದ ಎಷ್ಟು ಹದಗೆಟ್ಟಿದೆ ಅಂತ ಹಾಳೆ ಹರಿಯದೆ ಪತ್ತೆ ಮಾಡುವ ದಾರಿ ತೋರಿಸಿದರು. ಅಂದರೆ ನಿಮ್ಮ ಸ್ನೇಹಿತರು ಕಣ್ಮುಚ್ಚಿ ಮೂಸುತ್ತಿರುವುದು ಪುಸ್ತಕ ಸಾಯುತ್ತಿರುವ ವಾಸನೆಯನ್ನು. ಇದನ್ನು ಅವರಿಗೆ ಹೇಳಿ ನೋಡಿ, ಮುಖ ಹೇಗಾಗುತ್ತದೆ ಅಂತ.

ಹೊಸ ಪುಸ್ತಕದ್ದು ಬೇರೆ ಕಥೆ. ನಮ್ಮ ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ ‘ಬಳಸಿದ ಕಾಗದ: 70 ಜಿಎಸ್ಎಂ ಎನ್.ಎಸ್. ಮ್ಯಾಪ್ಲಿತೊ, 1/8 ಡೆಮಿ’ ಅಂತ ಕಾಗದದ ತೂಕ, ಬಗೆ, ಪುಟದ ಅಳತೆ ಹೇಳುವ ಒಂದು ಸಾಲು ಇರುತ್ತದಲ್ಲ, ಪ್ರತಿಗಳು ಎಷ್ಟು, ಬೆಲೆ ಎಷ್ಟು ಅನ್ನುವುದರ ಜೊತೆಗೆ? ಯಾರೂ ಓದದ ಸಾಲು ಅದು, ನನಗೆ ಮಾತ್ರ ಬಹಳ ಇಷ್ಟ. ಮದುವೆ ಕರೆಯೋಲೆಯಲ್ಲಿ ಅಡುಗೆಯವರ ಹೆಸರು ಹಾಕಿದಂತೆ. ಮ್ಯಾಪ್ಲಿತೊದಲ್ಲಿ ಲಿಗ್ನಿನ್ ಹೆಚ್ಚುಕಡಿಮೆ ತೆಗೆದಿರುತ್ತಾರೆ, ಹಾಗಾಗಿ ಹೊಸ ಪುಸ್ತಕದಿಂದ ಬರುವುದು ಶಾಯಿ ಮತ್ತು ಬೈಂಡಿಂಗ್ ಗೋಂದಿನ ವಾಸನೆ. ಜೂನ್ ತಿಂಗಳಲ್ಲಿ ಹೊಸ ನೋಟ್‌ಬುಕ್ಕಿಗೆ ಕಂದು ಬಣ್ಣದ ರಟ್ಟು ಹಾಕಿ ಬೆಳೆದವರಿಗೆ ಅದು ಹಿಡಿಸುತ್ತದೆ. ಹಾಗೆ ಬೆಳೆಯದವರಿಗೆ ಅದು ಬರೀ ಗೋಂದು.

ಸ್ಪರ್ಶದ ವಿಷಯಕ್ಕೆ ಬಂದರೆ ಸ್ವಲ್ಪ ಮೆತ್ತಗಾಗುತ್ತೇನೆ. ಅಜ್ಜನ ಟ್ರಂಕಿನ ಪುಸ್ತಕಗಳೆಲ್ಲ ಅಚ್ಚುಮೊಳೆಯಲ್ಲಿ ಮುದ್ರಿಸಿದವು. ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ಮೊಳೆ, ಒತ್ತಿಗೆ ಬೇರೆ, ಕೊಂಬಿಗೆ ಬೇರೆ, ಎಲ್ಲವನ್ನೂ ಕೈಯಲ್ಲಿ ಆರಿಸಿ ಜೋಡಿಸಿ, ಕಟ್ಟಿ, ಶಾಯಿ ಸವರಿ ಒತ್ತುವುದು. ಹಾಗೆ ಒತ್ತಿದ ಹಾಳೆಯ ಹಿಂಬದಿಗೆ ಬೆರಳಾಡಿಸಿದರೆ ಸಣ್ಣ ಸಣ್ಣ ಉಬ್ಬು ಸಿಗುತ್ತದೆ. ಪುಟದ ಕೊನೆಗೆ ಬರುತ್ತ ಮೊಳೆ ಸವೆದಿದ್ದರೆ ಅಲ್ಲಿ ಉಬ್ಬೂ ಕಡಿಮೆ. ಚಿಕ್ಕವನಾಗಿದ್ದಾಗ ಅಜ್ಜ ಓದುತ್ತಿದ್ದರೆ ನಾನು ಕೆಳಗೆ ಕೂತು ಹಾಳೆಯ ಹಿಂದೆ ಬೆರಳಿಟ್ಟು ಅವರು ಯಾವ ಸಾಲಿನಲ್ಲಿದ್ದಾರೆ ಅಂತ ಊಹಿಸುತ್ತಿದ್ದೆ. ಒಮ್ಮೆಯೂ ಸರಿಯಾಗಲಿಲ್ಲ. ಪುಸ್ತಕದ ಕೊನೆಯಲ್ಲಿ ‘ಒಪ್ಪೋಲೆ’ ಅಂತ ಅಚ್ಚಿನ ತಪ್ಪುಗಳ ಪಟ್ಟಿ ಇರುತ್ತಿತ್ತು. ಅಜ್ಜ ಪುಸ್ತಕ ತಂದ ದಿನವೇ ಪೆನ್ಸಿಲ್ ಹಿಡಿದು ಆ ಪಟ್ಟಿ ನೋಡಿಕೊಂಡು ಇಡೀ ಪುಸ್ತಕ ತಿದ್ದಿ, ಆಮೇಲೆ ಓದಲು ಕೂರುತ್ತಿದ್ದರು. ಮೊದಲು ಕಳೆ ಕಿತ್ತು ಆಮೇಲೆ ನೀರು ಬಿಡುವ ಲೆಕ್ಕ.

ಆದರೆ ಈಗಿನ ಪುಸ್ತಕಗಳು ಬಹುಪಾಲು ಆಫ್‌ಸೆಟ್ಟು, ಮೊಳೆ ಒತ್ತುವ ಮುದ್ರಣವಲ್ಲ, ಹಿಂಬದಿ ನುಣ್ಣಗಿರುತ್ತದೆ. ನಿನ್ನೆ ಮೊನ್ನೆ ಅಚ್ಚಾದ ಪುಸ್ತಕ ಹಿಡಿದು ‘ಅಕ್ಷರ ಮುಟ್ಟುವ ಸುಖ’ ಅಂತ ಯಾರಾದರೂ ಕವಿತೆ ಹೇಳಿದರೆ ನಂಬಬೇಡಿ.

ಹಾಗಾದರೆ ನೀವು ಕಳೆದುಕೊಂಡಿದ್ದೇನು? ಎಡಗೈ ಹೆಬ್ಬೆರಳಿನ ಕೆಳಗಿನ ದಪ್ಪ. ಕಾದಂಬರಿ ಓದುತ್ತ ಹೋದ ಹಾಗೆ ಎಡಗಡೆ ಹಾಳೆ ದಪ್ಪವಾಗುತ್ತ, ಬಲಗಡೆ ತೆಳ್ಳಗಾಗುತ್ತ ಬರುತ್ತದೆ. ನೀವು ಗಮನಿಸದಿದ್ದರೂ ಕೈ ಅದನ್ನು ಲೆಕ್ಕವಿಟ್ಟಿರುತ್ತದೆ. ‘ಆ ಜಗಳ ಆಯ್ತಲ್ಲ, ಅದು ಮೊದಲ ಕಾಲುಭಾಗದಲ್ಲಿ, ಎಡಪುಟದ ಕೆಳಗೆ’ ಅಂತ ಎಷ್ಟೋ ವರ್ಷದ ಮೇಲೂ ಪುಟ ತೆಗೆದುಕೊಡುತ್ತದೆ. ಇ-ರೀಡರ್ ‘ಶೇಕಡಾ 43’ ಅನ್ನುತ್ತದೆ. ನನಗೆ ಶೇಕಡಾ 43ರಲ್ಲಿ ಏನಾಯಿತು ಅಂತ ನೆನಪಿರುವುದಿಲ್ಲ. ಎಲ್ಲ ಪುಟವೂ ಒಂದೇ ತೂಕ, ಒಂದೇ ಜಾಗ.

ಇದು ನನ್ನೊಬ್ಬನ ಭ್ರಮೆಯಲ್ಲ. ನಾರ್ವೆಯ ಸ್ಟಾವಾಂಗರ್ ವಿಶ್ವವಿದ್ಯಾಲಯದ ಆನ್ ಮಾಂಗೆನ್ ಮತ್ತು ಜೊತೆಯವರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 50 ಜನರಿಗೆ 28 ಪುಟದ ಒಂದು ಪತ್ತೇದಾರಿ ಕಥೆ ಕೊಟ್ಟರು, ಅರ್ಧ ಜನಕ್ಕೆ ಕಾಗದದಲ್ಲಿ, ಅರ್ಧ ಜನಕ್ಕೆ ಕಿಂಡಲ್ ಅನ್ನುವ ಇ-ರೀಡರ್‌ನಲ್ಲಿ. ಕಥೆ ಅರ್ಥವಾದದ್ದರಲ್ಲಿ ಬಹುಪಾಲು ವ್ಯತ್ಯಾಸವಿರಲಿಲ್ಲ. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಅಂತ ಘಟನೆಗಳನ್ನು ಜೋಡಿಸುವುದರಲ್ಲಿ ಕಾಗದದವರೇ ಮುಂದಿದ್ದರು. 50 ಜನ ಅಂದರೆ ನಮ್ಮ ಬೆಳಗಿನ ಗಾಡಿಯ ಅರ್ಧ ಬೋಗಿಯೂ ಆಗುವುದಿಲ್ಲ, ಆದ್ದರಿಂದ ಇದನ್ನೇ ವೇದವಾಕ್ಯ ಮಾಡಿಕೊಳ್ಳುವುದು ಬೇಡ. ನನ್ನ ಹೆಬ್ಬೆರಳಿಗೆ ಮಾತ್ರ ಸಮಾಧಾನವಾಯಿತು.

ಇಷ್ಟಾದರೂ ನಾನು ಇ-ರೀಡರ್ ಬಿಟ್ಟಿಲ್ಲ. ಬೆಳಗಿನ ಗಾಡಿಯಲ್ಲಿ ತುಮಕೂರಿನಲ್ಲಿ ಹತ್ತಿದವನಿಗೆ ಸೀಟು ಸಿಗುವುದು ಪುಣ್ಯ ಇದ್ದರೆ. ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದರಲ್ಲಿ ಪುಸ್ತಕ ಹಿಡಿದರೆ ಪುಟ ತಿರುವಲು ಮೂರನೇ ಕೈ ಬೇಕು. ನಿಡವಂದ ಬರುವ ಹೊತ್ತಿಗೆ ಒಂದು ಪುಟ ಆಗಿರುತ್ತಿತ್ತು. ಇದರಲ್ಲಾದರೆ ಹೆಬ್ಬೆರಳು ಒತ್ತಿದರೆ ಸಾಕು. ಪರದೆಯೊಳಗೆ ಕೂದಲೆಳೆ ದಪ್ಪದ ಲಕ್ಷಾಂತರ ಗುಳಿಗೆಗಳು, ಒಂದೊಂದರಲ್ಲೂ ಬಿಳಿ ಕಣ, ಕಪ್ಪು ಕಣ. ವಿದ್ಯುತ್ತು ಹರಿದಾಗ ಬೇಕಾದ ಬಣ್ಣ ಮೇಲೆ ಬಂದು ನಿಲ್ಲುತ್ತದೆ, ಆಮೇಲೆ ಪುಟ ಬದಲಾಗುವ ತನಕ ಅಲ್ಲೇ ಇರುತ್ತದೆ. ಫೋನಿನಂತೆ ಕಣ್ಣಿಗೆ ಬೆಳಕು ಎರಚದೆ, ಬಿದ್ದ ಬೆಳಕನ್ನೇ ತಿರುಗಿಸಿ ಕೊಡುತ್ತದೆ. ಕಿಟಕಿಯಿಂದ ಬಿಸಿಲು ಬಿದ್ದಷ್ಟೂ ಅಕ್ಷರ ಸ್ಪಷ್ಟ.

ತೊಂದರೆ ಇರುವುದು ಕನ್ನಡಕ್ಕೆ. ಹಳೇ ಪುಸ್ತಕಗಳ ಸ್ಕ್ಯಾನು ಹಾಕಿಕೊಂಡರೆ ಡೆಮಿ ಪುಟ ಆರಿಂಚಿಗೆ ಕುಗ್ಗಿ ಒತ್ತಕ್ಷರಗಳೆಲ್ಲ ಇರುವೆ ಸಾಲು. ಎಲ್ಲ ಯಂತ್ರಕ್ಕೂ ತಿಳಿಯುವ ಯೂನಿಕೋಡ್ ಅಕ್ಷರಸಂಕೇತ ಬರುವ ಮುಂಚಿನ ಫಾಂಟಿನಲ್ಲಿ ಟೈಪ್ ಮಾಡಿದ ಕಡತವಾದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಮೂಡಿ ದೆವ್ವ ಕುಣಿದಂತೆ ಕಾಣುತ್ತದೆ. ಎಲ್ಲ ಸರಿಯಿದ್ದರೂ ನಮ್ಮ ಉದ್ದುದ್ದ ಪದಗಳನ್ನು ಎಲ್ಲಿ ಮುರಿಯಬೇಕು ಅಂತ ನನ್ನ ಇ-ರೀಡರ್‌ಗೆ ತಿಳಿಯದು. ಸಾಲಿನ ಅಂಚು ಸಮ ಮಾಡಲು ಹೋಗಿ ಪದಗಳ ನಡುವೆ ಎತ್ತಿನಗಾಡಿ ಹೋಗುವಷ್ಟು ಸಂದಿ ಬಿಡುತ್ತದೆ. ಅಚ್ಚುಮೊಳೆ ಜೋಡಿಸುತ್ತಿದ್ದವರು ಇದನ್ನು ನೋಡಿದ್ದರೆ ಕೆನ್ನೆಗೆ ಬಾರಿಸುತ್ತಿದ್ದರು.

ಇನ್ನೊಂದು ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮುಖಪುಟ. ಪುಸ್ತಕ ಹಿಡಿದು ಓಡಾಡುತ್ತಿದ್ದ ಕಾಲದಲ್ಲಿ ಕ್ಯಾತ್ಸಂದ್ರದಲ್ಲಿ ಒಬ್ಬ ಹಿರಿಯರು ಹತ್ತುತ್ತಿದ್ದರು, ಹಣೆ ತುಂಬ ವಿಭೂತಿ. ಒಂದು ದಿನ ‘ಏನಪ್ಪಾ ಅದು, ಕಾದಂಬ್ರಿನಾ? ಕೊಡಿಲ್ಲಿ ನೋಡಾನ’ ಅಂದವರು ಯಶವಂತಪುರ ಬಂದರೂ ಕೊಡಲಿಲ್ಲ. ‘ನಾಳೆ ತಂದ್ಕೊಡ್ತೀನಿ ಬುಡು’ ಅಂತ ಕಂಕುಳಿಗೆ ಸಿಕ್ಕಿಸಿಕೊಂಡು ಇಳಿದೇಬಿಟ್ಟರು. ಮೂರು ವಾರದ ಮೇಲೆ ಬಂತು, ಪುಟದಂಚುಗಳಲ್ಲೆಲ್ಲ ಬೂದಿಬಣ್ಣದ ಬೆರಳಿನ ಗುರುತು. ಕೊಡುತ್ತ ‘ಕೊನೇಲಿ ಆ ಹೆಣ್ಮಗೂನ ಸಾಯಿಸ್ಬಾರ್ದಿತ್ತು ಕಣಪ್ಪ’ ಅಂದರು. ನಾನಿನ್ನೂ ಅರ್ಧ ಓದಿದ್ದೆ! ಆಮೇಲೆ ಎರಡು ವರ್ಷ ನಮ್ಮಿಬ್ಬರ ನಡುವೆ ಪುಸ್ತಕ ಓಡಾಡಿದವು. ಇ-ರೀಡರ್ ಹಿಡಿದ ಆರು ವರ್ಷದಲ್ಲಿ ನಾನೇನು ಓದುತ್ತಿದ್ದೇನೆ ಅಂತ ಒಬ್ಬರೂ ಕೇಳಿಲ್ಲ. ‘ಟ್ಯಾಬಾ ಸಾರ್, ಎಷ್ಟು ಬಿತ್ತು?’ ಅಂತ ಕೇಳಿದವರು ಬೇಕಾದಷ್ಟು.

ಅಮ್ಮನದು ಬೇರೆಯೇ ನ್ಯಾಯ. ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಹತ್ತುತ್ತಿರಲಿಲ್ಲ. ಟ್ಯಾಬ್ಲೆಟ್‌ನಲ್ಲಿ ಕನ್ನಡ ಪುಸ್ತಕದ ಆ್ಯಪ್ ಹಾಕಿ ಅಕ್ಷರ ಗೋಲಿ ಗಾತ್ರ ಮಾಡಿಕೊಟ್ಟೆ. ಮೊದಲ ದಿನ ಅಭ್ಯಾಸಬಲದಿಂದ ಬೆರಳು ನಾಲಿಗೆಗೆ ತಾಗಿಸಿ ಪರದೆ ಸವರಿದರು, ಒದ್ದೆಗೆ ಅದು ಎರಡು ಅಧ್ಯಾಯ ಮುಂದೆ ಹಾರಿತು. ಈಗಲೂ ಹಾಗೇ ಮಾಡುತ್ತಾರೆ. ಸೆರಗಿನಲ್ಲಿ ಒರೆಸಿಕೊಂಡು ವಾಪಸ್ ಬರುತ್ತಾರೆ, ದಿನಕ್ಕೆ ನಲವತ್ತು ಪುಟ ಮುಗಿಸುತ್ತಾರೆ. ಅವರನ್ನು ಕೂರಿಸಿಕೊಂಡು ಕಾಗದದ ಘಮದ ಬಗ್ಗೆ ಭಾಷಣ ಮಾಡುವ ಧೈರ್ಯ ನನಗಿಲ್ಲ.

ನಿಮಗೆ ನಾನು ಹೇಳುವುದು: ಇ-ರೀಡರ್ ಇಟ್ಟುಕೊಳ್ಳಿ, ಓಡಾಟಕ್ಕೆ ಅದೇ ಸರಿ. ದೊಡ್ಡ ಕಾದಂಬರಿ, ಹಿಂದೆ ಮುಂದೆ ತಿರುವಿ ನೋಡಬೇಕಾದದ್ದು, ಮತ್ತೆ ಮತ್ತೆ ಒಂದೇ ಪದ್ಯಕ್ಕೆ ಹೋಗುವಂಥದ್ದು, ಇವನ್ನು ಕಾಗದದಲ್ಲಿ ಕೊಳ್ಳಿ. ವಾಸನೆಗಾಗಿ ಕೊಳ್ಳಬೇಡಿ, ಅದು ನಿಮ್ಮ ಮನೆಯದೇ ಬಂದು ಸೇರಿಕೊಳ್ಳುತ್ತದೆ.

ಹೋದ ವರ್ಷ ಅಜ್ಜನ ಟ್ರಂಕು ತುಮಕೂರಿಗೆ ತಂದೆವು. ಅರ್ಧ ಗೆದ್ದಲಿಗೆ ಹೋಗಿತ್ತು. ಉಳಿದದ್ದರಲ್ಲಿ ಒಂದು ಪುಸ್ತಕದ ಹಾಳೆ ತಿರುವಿದರೆ ಹಪ್ಪಳದಂತೆ ಮುರಿಯುತ್ತಿತ್ತು. ನಿಧಾನಕ್ಕೆ ಒಂದೊಂದೇ ಪುಟದ ಫೋಟೋ ತೆಗೆದು, ಸೇರಿಸಿ, ಇ-ರೀಡರ್‌ಗೆ ಹಾಕಿಕೊಂಡು ರೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದಿದೆ. ಓದುವುದು ಇದರಲ್ಲಿ, ಮೂಸುವುದು ಅದನ್ನು, ಅಂತ ಮನೆಯಲ್ಲಿ ನಗುತ್ತಾರೆ. ಓದಿ ಮುಗಿಸಿದ ಮೇಲೆ ಒಂದು ಸಂಜೆ ಮೂಲ ಪುಸ್ತಕವನ್ನು ಕಿಟಕಿ ಹತ್ತಿರ ಓರೆಯಾಗಿ ಹಿಡಿದಾಗ ಕೊನೆಯ ಖಾಲಿ ಹಾಳೆಯಲ್ಲಿ ಏನೋ ಗೀರು ಕಂಡಿತು. ಅಜ್ಜನ ಪೆನ್ಸಿಲ್ಲು. ಆ ವರ್ಷ ಅಟ್ಟಕ್ಕೆ ಏರಿಸಿದ ಕಾಯಿ ಎಷ್ಟು, ಕೆಟ್ಟಿದ್ದೆಷ್ಟು, ಸುಲಿದವನಿಗೆ ಕೊಟ್ಟ ಕೂಲಿ ಎಷ್ಟು. ಪೆನ್ಸಿಲ್ ಮಾಸಿ ಬರೀ ಒತ್ತಿದ ಗುರುತು ಉಳಿದಿತ್ತು, ಫೋಟೋದಲ್ಲಿ ಆ ಪುಟ ಖಾಲಿಯಾಗಿಯೇ ಇದೆ. ಕೂಲಿಯ ಅಂಕಿ ಮಾತ್ರ ಇನ್ನೂ ಓದಲಾಗಿಲ್ಲ, ಏಳೋ ಒಂದೋ ಅಂತ ಅಮ್ಮನೂ ನಾನೂ ಬೆರಳಾಡಿಸಿ ನೋಡುತ್ತಿದ್ದೇವೆ.