ಜಡ್ಜ್‌ಗೆ ನಾನೇ ಪತ್ರ ಬರೆಯಬಹುದಾ?

ಪ್ರಶ್ನೆ: ನಮ್ಮ ಆಸ್ತಿ ಪಾಲಿನ ಕೇಸ್ ನಡೆಯುತ್ತಿದೆ. ಕಳೆದ ವಾಯಿದೆಯ ದಿನ ಎದುರು ಪಾರ್ಟಿಯ ವಕೀಲರು ಒಬ್ಬರೇ ಜಡ್ಜ್ ಚೇಂಬರ್‌ಗೆ ಹೋಗಿ, ಹತ್ತು ನಿಮಿಷ ಬಿಟ್ಟು ಹೊರಗೆ ಬಂದರು. ಅವತ್ತಿಂದ ನಿದ್ದೆ ಇಲ್ಲ. ನಿಜ ಏನು ಅಂತ ನಾನೇ ಜಡ್ಜ್ ಮನೆಗೆ ಒಂದು ಪತ್ರ ಬರೆಯಲಾ? (ಹೆಸರು ಬೇಡ)

ಉತ್ತರ: ದಯವಿಟ್ಟು ಬರೆಯಬೇಡಿ. ಎದುರಿನವರು ಏನು ಮಾಡಿರಬಹುದು ಅಂತ ನೀವು ಹೆದರಿದ್ದೀರೋ, ನಿಮ್ಮ ಪತ್ರವೂ ಅದೇ ಆಗುತ್ತದೆ. ಅದರಲ್ಲಿ ಇರುವುದೆಲ್ಲ ನಿಜವೇ ಇರಬಹುದು, ಆದರೆ ಅದು ಎದುರಿನವರ ಕಣ್ಣಿಗೆ ಬೀಳುವುದಿಲ್ಲ, ಬೀಳದ ಮಾತಿಗೆ ಅವರು ಉತ್ತರ ಹೇಗೆ ಕೊಡಬೇಕು? ತಪ್ಪು ಇರುವುದು ಅಲ್ಲಿ. ಸುಳ್ಳು ಹೇಳಿದರೆ ಮಾತ್ರ ತಪ್ಪು ಅಂತ ತುಂಬಾ ಜನ ಅಂದುಕೊಂಡಿದ್ದಾರೆ.

ಚೇಂಬರ್‌ನಲ್ಲಿ ಏನು ಮಾತಾಯಿತು ಅಂತ ನಿಮಗೆ ಗೊತ್ತಿಲ್ಲ, ಅಲ್ವಾ? ದಿನಾಂಕ ಕೇಳಲು ಹೋಗಿರಬಹುದು, ಬೇರೆ ಕೇಸಿನ ಕೆಲಸವೂ ಇರಬಹುದು. ತುರ್ತು ಇದ್ದಾಗ ಒಬ್ಬರ ಮಾತು ಕೇಳಿಯೇ ತಡೆಯಾಜ್ಞೆ ಕೊಡುವುದುಂಟು, ಆದರೆ ಅದು ಕಡತದಲ್ಲಿ ದಾಖಲಾಗುತ್ತದೆ, ಆಮೇಲೆ ಇನ್ನೊಬ್ಬರಿಗೆ ನೋಟಿಸ್ ಹೋಗುತ್ತದೆ.

ಹಾಗಂತ ನಿಮ್ಮ ಅನುಮಾನ ಸಣ್ಣದಲ್ಲ. 1923ರಲ್ಲಿ ಇಂಗ್ಲೆಂಡಿನಲ್ಲಿ ಒಂದು ರಸ್ತೆ ಅಪಘಾತದ ಕೇಸ್ ಬಂತು. ತೀರ್ಪು ಯೋಚಿಸಲು ಮ್ಯಾಜಿಸ್ಟ್ರೇಟರು ಒಳಗೆ ಹೋದಾಗ ಕೋರ್ಟಿನ ಗುಮಾಸ್ತನೂ ಜೊತೆಗೆ ಹೋದ. ಅದೇ ಅಪಘಾತದ ಪರಿಹಾರದ ದಾವೆಯಲ್ಲಿ ಆರೋಪಿಯ ಎದುರು ಪಾರ್ಟಿಗೆ ಕೆಲಸ ಮಾಡುತ್ತಿದ್ದದ್ದು ಈ ಗುಮಾಸ್ತನ ವಕೀಲಿ ಸಂಸ್ಥೆಯೇ. ಅವನು ಒಳಗೆ ಬಾಯಿ ಬಿಡಲೇ ಇಲ್ಲ, ಮ್ಯಾಜಿಸ್ಟ್ರೇಟರೂ ಏನೂ ಕೇಳಲಿಲ್ಲ. ಆದರೂ ಅಲ್ಲಿನ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಹೆವರ್ಟ್ ಶಿಕ್ಷೆಯನ್ನೇ ರದ್ದು ಮಾಡಿದರು: ನ್ಯಾಯ ಸಿಕ್ಕರಷ್ಟೇ ಸಾಲದು, ಸಿಕ್ಕಿದೆ ಅಂತ ಎಲ್ಲರಿಗೂ ಕಾಣಬೇಕು. ಬಾಗಿಲ ಹೊರಗೆ ನಿಂತಿದ್ದ ನಿಮ್ಮ ನೋವಿಗೂ ಕಾನೂನಿನಲ್ಲಿ ಬೆಲೆ ಇದೆ ಅಂತ ನಾನು ಹೇಳುವುದು ಇದಕ್ಕೇ. 2002ರ ಬೆಂಗಳೂರು ನ್ಯಾಯಾಂಗ ನಡತೆಯ ತತ್ವಗಳೂ ಜಡ್ಜ್ ಪಕ್ಷಪಾತ ಮಾಡದಿದ್ದರೆ ಸಾಲದು, ನೋಡುವವರಿಗೂ ಹಾಗೆ ಅನ್ನಿಸಬೇಕು ಅನ್ನುತ್ತವೆ.

ಈಗ ನೀವು ಮಾಡಬೇಕಾದದ್ದು: ಅವತ್ತಿನ ತಾರೀಕು, ಹೊತ್ತು, ನೋಡಿದ್ದಷ್ಟನ್ನೇ ಬರೆದಿಡಿ, ಊಹೆ ಸೇರಿಸಬೇಡಿ. ನಿಮ್ಮ ವಕೀಲರಿಗೆ ಹೇಳಿ. ಅವರು ಮೊದಲು ಎದುರಿನ ವಕೀಲರನ್ನೇ ನೇರವಾಗಿ ಕೇಳಲಿ, ಎಷ್ಟೋ ಸಲ ಅಲ್ಲಿಗೇ ವಿಷಯ ತಿಳಿಯಾಗುತ್ತದೆ. ಆಗದಿದ್ದರೆ ತೆರೆದ ಕೋರ್ಟಿನಲ್ಲಿ, ಎದುರಿನವರಿಗೂ ಪ್ರತಿ ಕೊಟ್ಟು, ಅರ್ಜಿ ಹಾಕಲಿ. ಕೇಸನ್ನು ಬೇರೆ ಜಡ್ಜ್‌ಗೆ ಕೊಡಿ ಅಂತ ಕೇಳುವ ದಾರಿಯೂ ಇದೆ, ಆದರೆ ಅದಕ್ಕೆ ಗಟ್ಟಿ ಕಾರಣ ಬೇಕು, ಸುಮ್ನೆ ಅನುಮಾನ ಸಾಲದು.

ಪತ್ರ ಈಗಾಗಲೇ ಕಳಿಸಿಬಿಟ್ಟಿದ್ದರೆ ಮುಚ್ಚಿಡಬೇಡಿ. ಇವತ್ತೇ ನಿಮ್ಮ ವಕೀಲರಿಗೆ ತಿಳಿಸಿ, ಅದರ ಪ್ರತಿ ಎದುರು ಪಾರ್ಟಿಗೂ ತಲುಪಿಸಿ.