ಪುಸ್ತಕದ ಹುಚ್ಚಿರುವವರು ಯುರೋಪಿನಲ್ಲಿ ಎಲ್ಲಿಗೆ ಹೋಗಬೇಕು?

ಹತ್ತು ದಿನ ರಜೆ ಇದೆ, ಗಂಡ ಹೆಂಡತಿ ಇಬ್ಬರಿಗೂ ಪುಸ್ತಕ ಅಂದ್ರೆ ಪ್ರಾಣ, ಎಲ್ಲರೂ ಹೋಗುವ ಜಾಗ ಬೇಡ ಎಂದು ಬರೆದಿದ್ದೀರಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಶುರು ಮಾಡಿ. ಕನ್ನಡ ಓದುವವರಿಗೆ ಯುರೋಪಿನಲ್ಲಿ ಇಷ್ಟು ಹತ್ತಿರದ ಊರು ನನಗೆ ಇನ್ನೊಂದು ಸಿಕ್ಕಿಲ್ಲ.

ಬಾಸೆಲ್ ಮಿಶನ್ ಹೆಸರು ಕೇಳಿಯೇ ಇರುತ್ತೀರಿ. 1815ರಲ್ಲಿ ಆ ಊರಿನಲ್ಲಿ ಶುರುವಾದ ಈ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಟಿದ್ದು ಇವರ ಮುದ್ರಣಾಲಯದಿಂದಲೇ. ಅಲ್ಲಿಂದ ಬರೆದ ಕಾಗದಪತ್ರ, ತೆಗೆದ ಫೋಟೋಗಳೆಲ್ಲ ಬಾಸೆಲ್‌ನ ದಾಖಲೆ ಸಂಗ್ರಹದಲ್ಲಿವೆ. ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ, ಏನು ನೋಡಬೇಕು ಅಂತ ಮೊದಲೇ ಮೇಲ್ ಬರೆಯಿರಿ. ಫೋಟೋಗಳಲ್ಲಿ ಬಹಳಷ್ಟು ಅವರ ವೆಬ್‌ಸೈಟಿನಲ್ಲೇ ಸಿಗುತ್ತವೆ. ಹೊರಡುವ ಮುಂಚೆ ಒಂದು ಸಂಜೆ ಕೂತು ನೋಡಿ.

ಅದೇ ಊರಿನಲ್ಲಿ ಹಳೆಯ ಕಾಗದದ ಗಿರಣಿಯೊಂದು ಮ್ಯೂಸಿಯಂ ಆಗಿದೆ. ಸಾಂಕ್ಟ್ ಆಲ್ಬನ್ ಅನ್ನುವ ಕೇರಿಯಲ್ಲಿ, ಕಾಲುವೆಯ ದಡದಲ್ಲಿ. ನೀರಿನ ಚಕ್ರ ಈಗಲೂ ತಿರುಗುತ್ತದೆ. ಒಳಗೆ ನಿಮ್ಮ ಕೈಯಾರೆ ಒಂದು ಹಾಳೆ ಮಾಡಬಹುದು. ತೊಟ್ಟಿಯಲ್ಲಿ ಗಂಜಿ ತಿಳಿಯಂಥ ಬಿಳಿ ನೀರು. ತಂತಿಯ ಜರಡಿಯನ್ನು ಅದರೊಳಗೆ ಓರೆಯಾಗಿ ಇಳಿಸಿ, ಸಮನಾಗಿ ಮೇಲೆತ್ತಬೇಕು. ನೀರು ಬಸಿಯುತ್ತಾ ಹೋದ ಹಾಗೆ ನಾರು ಮಾತ್ರ ಮೇಲೆ ಉಳಿಯುತ್ತದೆ. ನನ್ನ ಮೊದಲ ಹಾಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಬಂತು. ಎರಡನೆಯದು ಸರಿಯಾಯಿತು. ಅದನ್ನು ಉಣ್ಣೆ ಬಟ್ಟೆಯ ಮೇಲೆ ಮಗುಚಿ, ಒತ್ತಿ, ಒಣಗಿಸಿ ಕೈಗೆ ಕೊಟ್ಟಾಗ ಆದ ಖುಷಿಯೇ ಬೇರೆ. ಆಮೇಲೆ ಅಚ್ಚಿನ ಮೊಳೆ, ಅಂದರೆ ಲೋಹದ ಅಕ್ಷರ ಜೋಡಿಸುವುದು, ಅಚ್ಚು ಹಾಕುವುದು ಎಲ್ಲ ನೋಡಬಹುದು. ಇದಕ್ಕೆ ಅರ್ಧ ದಿನವಾದರೂ ಇಡಿ.

ಹೊರಗೆ ಬಂದರೆ ಪಕ್ಕದಲ್ಲೇ ರೈನ್ ನದಿ. ಅಲ್ಲಿನ ದೋಣಿಗೆ ಎಂಜಿನ್ ಇಲ್ಲ. ನದಿಗೆ ಅಡ್ಡ ಕಟ್ಟಿದ ತಂತಿಗೆ ಹಗ್ಗ ಬಿಗಿದಿದ್ದಾರೆ, ನೀರಿನ ಸೆಳೆತವೇ ಆಚೆ ದಡಕ್ಕೆ ತಳ್ಳುತ್ತದೆ. ಖಂಡಿತ ಹತ್ತಿ.

ಮುಂದಿನದು ಜರ್ಮನಿಯ ಟ್ಯೂಬಿಂಗನ್. ಬಾಸೆಲ್ ಮಿಶನ್ನಿನಿಂದ ಕರ್ನಾಟಕಕ್ಕೆ ಬಂದಿದ್ದ ಕಿಟೆಲ್ ಕೊನೆಗಾಲ ಕಳೆದ ಊರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಪದ. ಎರಡು ವರ್ಷದ ಮೇಲೆ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂತು, ಅದೇ ವರ್ಷದ ಕೊನೆಗೆ ಅವರು ಇಲ್ಲೇ ತೀರಿಕೊಂಡರು. 'ಮಂಗಳೂರ ಸಮಾಚಾರ' ನಡೆಸಿದ ಮೊಗ್ಲಿಂಗ್ ಓದಿದ್ದೂ ಇಲ್ಲೇ. ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಮಾಡಿಸಿದ್ದಕ್ಕೆ ಅವರಿಗೂ 1858ರಲ್ಲಿ ಇದೇ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತ್ತು. ದೊಡ್ಡ ಫಲಕ, ಸ್ಮಾರಕ ಅಂತ ಹುಡುಕಿಕೊಂಡು ಹೋಗಬೇಡಿ. ಇಳಿಜಾರಿನ ಕಲ್ಲುಹಾಸಿನ ಬೀದಿಗಳಲ್ಲಿ ಸುಮ್ಮನೆ ನಡೆಯಿರಿ. ನಿಘಂಟಿನಲ್ಲಿ ಒಂದು ಪದ ಹುಡುಕುವಾಗಲೆಲ್ಲ ನನಗೆ ಈಗ ಆ ಬೀದಿಗಳು ನೆನಪಾಗುತ್ತವೆ.

ನೆಕಾರ್ ನದಿಯ ಅಂಚಿನಲ್ಲಿ ಹಳದಿ ಗೋಪುರವೊಂದಿದೆ. ಕವಿ ಹೋಲ್ಡರ್ಲಿನ್ ಮನಸ್ಸು ಕದಡಿದ ಮೇಲೆ 36 ವರ್ಷ ಬದುಕಿದ್ದು ಅಲ್ಲೇ. ಒಬ್ಬ ಬಡಗಿ ಅವರನ್ನು ತನ್ನ ಮನೆಗೆ ಕರೆದುಕೊಂಡು ಬಂದು ನೋಡಿಕೊಂಡ. ಅವರು ತೀರಿಕೊಂಡಿದ್ದು 1843ರ ಜೂನ್‌ನಲ್ಲಿ. ಮುಂದಿನ ತಿಂಗಳು ಅತ್ತ ಮಂಗಳೂರಿನಲ್ಲಿ ಮೊಗ್ಲಿಂಗರ ಪತ್ರಿಕೆ ಶುರುವಾಯಿತು. ಕಿಟಕಿಯ ಹತ್ತಿರ ನಿಂತು ಕೆಳಗೆ ಹರಿಯುವ ನೀರು ನೋಡುವಾಗ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು.

'ಸಿದ್ಧಾರ್ಥ' ಕಾದಂಬರಿ ಬರೆದ ಹರ್ಮನ್ ಹೆಸ್ಸೆ ಹುಡುಗನಾಗಿದ್ದಾಗ ಕೆಲಸ ಕಲಿತ ಪುಸ್ತಕದಂಗಡಿಯೂ ಇದೇ ಊರಲ್ಲಿದೆ, ಈಗ ಅಲ್ಲಿ ಅವರದೊಂದು ಚಿಕ್ಕ ಮ್ಯೂಸಿಯಂ. ಅವರ ಅಜ್ಜ ಯಾರು ಗೊತ್ತಲ್ವಾ? ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್. ಹೆಸ್ಸೆಯ ತಾಯಿ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ. ಒಂದು ದಿನ ಜಾಸ್ತಿ ಇದ್ದರೆ ಹೆಸ್ಸೆ ಹುಟ್ಟಿದ ಕಾಲ್ವ್‌ಗೂ ಹೋಗಿ ಬನ್ನಿ. ಸೇತುವೆಯ ಮೇಲೆ ಅವರ ಪ್ರತಿಮೆ ಇದೆ, ಕಟಕಟೆ ಇಲ್ಲ, ಪಕ್ಕದಲ್ಲೇ ಹೋಗಿ ನಿಲ್ಲಬಹುದು.

ವಾಪಸ್ ಸ್ವಿಟ್ಜರ್ಲೆಂಡಿಗೆ ಬಂದು ಸಾಂಕ್ಟ್ ಗಾಲನ್ ಮಠದ ಗ್ರಂಥಾಲಯ ನೋಡಿ. ಜೂರಿಕ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಮರದ ನೆಲ ಸವೆಯಬಾರದೆಂದು ನಿಮ್ಮ ಶೂ ಮೇಲೆ ಹಾಕಿಕೊಳ್ಳಲು ಮೆತ್ತನೆಯ ದೊಡ್ಡ ಚಪ್ಪಲಿ ಕೊಡುತ್ತಾರೆ. ಜಾರಿಕೊಂಡೇ ನಡೆಯಬೇಕು. ಬಾಗಿಲ ಮೇಲೆ ಗ್ರೀಕಿನಲ್ಲಿ ಎರಡು ಪದ ಬರೆದಿದೆ, ಅರ್ಥ 'ಆತ್ಮದ ಆಸ್ಪತ್ರೆ'. ಸುಮಾರು 2,100 ಹಸ್ತಪ್ರತಿಗಳಿವೆ, ಅವುಗಳಲ್ಲಿ ಕೆಲವಂತೂ ಸಾವಿರ ವರ್ಷಕ್ಕಿಂತ ಹಳೆಯವು.

ಇನ್ನೂ ದಿನ ಉಳಿದರೆ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿರುವ ಪ್ಲಾಂಟಿನ್-ಮೊರೆಟುಸ್ ಮುದ್ರಣಾಲಯ ನೋಡಿ, ಈಗ ಅದು ಮ್ಯೂಸಿಯಂ. 1600ರ ಹೊತ್ತಿನ ಎರಡು ಮುದ್ರಣಯಂತ್ರಗಳಿವೆ, ಈಗ ಉಳಿದಿರುವವುಗಳಲ್ಲಿ ಲೋಕಕ್ಕೇ ಹಳೆಯವು. ನನಗೆ ಇಷ್ಟವಾಗಿದ್ದು ಕರಡು ತಿದ್ದುವವರ ಕೋಣೆ. ಕಿಟಕಿಯ ಬೆಳಕು ಬೀಳುವಲ್ಲಿ ದೊಡ್ಡ ಓಕ್ ಮೇಜು. ಕಾಗುಣಿತ ತಿದ್ದುವವರಿಗೆ ಇಷ್ಟು ಒಳ್ಳೆಯ ಜಾಗ ಕೊಟ್ಟಿದ್ದರಲ್ಲ!

ಒಂದು ಮಾತು. ಬಾಸೆಲ್ ಗಿರಣಿ, ಆಂಟ್‌ವರ್ಪ್ ಎರಡಕ್ಕೂ ಸೋಮವಾರ ರಜೆ. ಊರಿಂದೂರಿಗೆ ಹೋಗುವ ದೂರದ ರೈಲನ್ನು ಆ ದಿನಕ್ಕೇ ಇಟ್ಟುಕೊಳ್ಳಿ.