ಹಾಕಿದ ಭಾರ ಮತ್ತೆ ಹೆಗಲಿಗೇ ಬಂದರೆ?

ಪ್ರಶ್ನೆ: ಕಟುವಾಗಿ ಅಂದು ಮಾತು ಬಿಟ್ಟಿದ್ದಾಗಲೇ ಅಣ್ಣ ತೀರಿಕೊಂಡ. ಪ್ರಾರ್ಥನೆಯಲ್ಲಿ ದೇವರ ಮೇಲೆ ಭಾರ ಹಾಕಿದರೂ ರಾತ್ರಿ ಅದೇ ಕೊರಗು. ನನ್ನ ವಿಶ್ವಾಸವೇ ಕಡಿಮೆಯೇ?

ಉತ್ತರ: ಖಂಡಿತ ಅಲ್ಲಮ್ಮ. ಅಳಲು ತೋಡಿಕೊಳ್ಳುವ ಮೊದಲೇ ಸ್ತೋತ್ರಕ್ಕೆ ಅವಸರಪಡುವುದರಿಂದ ಹೀಗಾಗುತ್ತದೆ. ಬೈಬಲಿನ 13ನೆಯ ಕೀರ್ತನೆ ತೆಗೆಯಿರಿ, ಆರೇ ವಚನ. ಮೊದಲೆರಡರಲ್ಲಿ ‘ಎಷ್ಟರವರೆಗೆ’ ಎಂದು ನಾಲ್ಕು ಸಲ ಕೇಳುತ್ತಾನೆ ದಾವೀದ, ಮುಂದಿನೆರಡರಲ್ಲಿ ಬೇಡುತ್ತಾನೆ, ಭರವಸೆ ಬರುವುದು ಐದರಲ್ಲಿ. ನೀವೂ ಅದೇ ಕ್ರಮದಲ್ಲಿ ಹತ್ತು ನಿಮಿಷ ಕೂತು, ಅಣ್ಣನಿಗೆ ಅಂದ ಆ ಮಾತನ್ನೇ ಹಾಳೆಯ ಮೇಲೆ ಬರೆದು ದೇವರ ಮುಂದೆ ಗಟ್ಟಿಯಾಗಿ ಓದಿ. ‘ತಪ್ಪಾಯಿತು’ ಎಂದಷ್ಟೇ ಮೊಗಮ್ಮಾಗಿ ಬರೆದರೆ ಕೊರಗು ಕದಲುವುದಿಲ್ಲ. ಆಮೇಲೆ 1 ಯೋಹಾನ 1:9 ಓದಿ, ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎನ್ನುವ ವಚನ ಅದು. ನಾಳೆ ನೆನಪು ಮರಳಿದರೆ ಮತ್ತೆ ಒಪ್ಪಿಸಿ. ನಿದ್ದೆ, ಊಟ ಎರಡು ವಾರ ಕೆಟ್ಟರೆ ವೈದ್ಯರನ್ನೂ ಕಾಣಿ.